ಮಣ್ಣಾಟವೂ ಪಾಠವೇ



ಒಕ್ಕೂಟದ ವಾರ್ಷಿಕ ಸಭೆಯಲ್ಲಿ ವರದಿ ಓದುವಾಗ ಮಕ್ಕಳು ಅಳಬಾರದೆಂದು ನಾವು ಮರದ ಕೆಳಗೆ ಕಲಸಿದ ಮಣ್ಣು, ಬಕೆಟ್ ನೀರು, ತೆಂಗಿನ ಚಿಪ್ಪು ಇಟ್ಟಿದ್ದೆವು. ಮೂರು ವರ್ಷದ ಹುಡುಗಿಯೊಬ್ಬಳು ಚಿಪ್ಪಿಗೆ ಮಣ್ಣು ಒತ್ತಿ ಬೋರಲು ಹಾಕಿದಳು. ಅವಳ ಇಡ್ಲಿ ಒಡೆದುಹೋಯಿತು. ನೀರು ಬೆರೆಸಿದಳು, ಚಿಪ್ಪಿಗೇ ಅಂಟಿಕೊಂಡಿತು. ನಾಲ್ಕನೇ ಸಲ ಇಡಿಯಾಗಿ ಬಿತ್ತು ನೋಡಿ, ಅವಳ ಕೇಕೆಗೆ ಸಭೆಯೇ ತಿರುಗಿ ನೋಡಿತು! ಅಷ್ಟರಲ್ಲಿ ತಾಯಿ ಓಡಿಬಂದು, "ಹೊಸ ಫ್ರಾಕ್ ಎಲ್ಲಾ ಕೊಳೆ ಮಾಡ್ಕೊಂಡ್ಯಲ್ಲೇ" ಎಂದು ಎತ್ತಿಕೊಂಡು ಹೋಗಿ ಕೈಗೆ ಮೊಬೈಲ್ ಕೊಟ್ಟರು.

ಆ ತಾಯಿಯನ್ನು ದೂರುವುದಿಲ್ಲ. ಬಟ್ಟೆ ಒಗೆಯೋರು ನಾವೇ ತಾನೇ? ಆದರೆ ಮಣ್ಣಿಗೆ ಎಷ್ಟು ನೀರು ಬೇಕೆಂದು ಆ ಮಗು ಯಾರೂ ಹೇಳಿಕೊಡದೆ ಕಂಡುಕೊಂಡಿತ್ತು. ಹೀಗೆ ಒತ್ತಿ, ಹಿಡಿದು ಪಳಗಿದ ಬೆರಳುಗಳೇ ನಾಳೆ ಬಳಪ ಹಿಡಿಯುವುದು. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿ ಆಡಬೇಕು, ಟಿ.ವಿ., ಮೊಬೈಲ್ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ನಮ್ಮದೂ ಒಂದು ತಪ್ಪಿದೆ. ಬಕೆಟ್ ಇಡಬಾರದಿತ್ತು. ಅಷ್ಟು ನೀರಿನಲ್ಲೂ ಚಿಕ್ಕ ಮಗು ತಲೆಕೆಳಗಾಗಿ ಬಿದ್ದು ಮುಳುಗಬಹುದು. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರು ಸಾಕು, ಅದನ್ನೂ ಆಟ ಮುಗಿದೊಡನೆ ಚೆಲ್ಲಬೇಕು. ಕಡಲೆ, ಹುಣಸೆಬೀಜ, ಗೋಲಿ ಪುಟ್ಟ ಮಕ್ಕಳಿಗೆ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಆಟವಾದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ.

ಮುಂದಿನ ಸಭೆಗೆ ಬರುವಾಗ ಮಗುವಿಗೆ ಹಳೇ ಬಟ್ಟೆ ಒಂದು ಜೊತೆ ತನ್ನಿ. ಮಕ್ಕಳ ಹತ್ತಿರ ಸರದಿಯಂತೆ ಇಬ್ಬರು ಕೂರಬೇಕು. ಯಾರ ಸರದಿ ಎಂದು ಈ ವಾರವೇ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.