ಭಾಷಾವಾರು ಶಾಲಾಡಳಿತ: ನಂದಗಡ ಸೀಮೆಯ ನಿದರ್ಶನ

1831ರಲ್ಲಿ ಸಂಗೊಳ್ಳಿ ರಾಯಣ್ಣನು ನೇಣುಗಂಬವನ್ನೇರಿದ ನಂದಗಡವು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿದ್ದು, ಕನ್ನಡ ಮರಾಠಿಗಳೆರಡೂ ಶಾಲಾಭಾಷೆಗಳಾಗಿ ನೆಲೆಸಿರುವ ಈ ಸೀಮೆಯ ಶಿಕ್ಷಣೇತಿಹಾಸವು ಮುಂಬಯಿ ಪ್ರಾಂತ್ಯದ ಕಾಲದಿಂದಲೇ ಅಭ್ಯಸನೀಯವಾಗಿದೆ.

• 19ನೆಯ ಶತಮಾನ: ಮರಾಠಿಯ ಪ್ರಾಬಲ್ಯದಿಂದ ಮಂಕಾಗಿದ್ದ ಕನ್ನಡವನ್ನು ಪಾಠಶಾಲೆಗಳಲ್ಲಿ ಪುನಃಪ್ರತಿಷ್ಠಾಪಿಸಲು ವಿದ್ಯಾಧಿಕಾರಿ ರಸೆಲ್‌ ಸಾಹೇಬರೂ ಡೆಪ್ಯುಟಿ ಚನ್ನಬಸಪ್ಪನವರೂ ಶ್ರಮಿಸಿದರು.

• 1890: ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದೊಳಗೆ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು.

• 1923: ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆಯು ಶಾಲೆಗಳ ನಿರ್ವಹಣೆಯನ್ನು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳಿಗೆ ವಹಿಸಿತು.

• 1956: ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; ಅದೇ ವರ್ಷದ 7ನೆಯ ತಿದ್ದುಪಡಿಯಿಂದ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲವನ್ನು ಸೂಚಿಸುವ 350ಎ ವಿಧಿಯೂ, ಅವರ ಹಿತರಕ್ಷಣೆಗೆ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ವಿಧಿಯೂ ಸಂವಿಧಾನವನ್ನು ಸೇರಿದವು.

ತುಲನೆ: ಕೆನಡಾದ 1982ರ ಹಕ್ಕುಗಳ ಸನ್ನದಿನ 23ನೆಯ ಪ್ರಕರಣವನ್ನು ವ್ಯಾಖ್ಯಾನಿಸುತ್ತ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1990ರ ಮಾಹೆ ಮೊಕದ್ದಮೆಯಲ್ಲಿ, ಸಾಕಷ್ಟು ಸಂಖ್ಯೆಯಿರುವೆಡೆ ಅಲ್ಪಸಂಖ್ಯಾತರಿಗೆ ಶಾಲಾನಿರ್ವಹಣೆಯಲ್ಲೂ ಅಧಿಕಾರವುಂಟೆಂದು ಸಾರಿತು; 1998ರಲ್ಲಿ ಒಂಟಾರಿಯೋ ಪ್ರಾಂತ್ಯವು 12 ಫ್ರೆಂಚ್ ಶಾಲಾಮಂಡಳಿಗಳನ್ನು ರಚಿಸಿತು. ನಮ್ಮಲ್ಲಾದರೋ ಕನ್ನಡ, ಮರಾಠಿ ಸರ್ಕಾರಿ ಶಾಲೆಗಳೆರಡೂ ಒಂದೇ ಶಿಕ್ಷಣ ಇಲಾಖೆಗೆ ಅಧೀನವಾಗಿದ್ದು, ಸ್ವಂತ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಅಲ್ಪಸಂಖ್ಯಾತರಿಗೆ ಸಂವಿಧಾನದ 30(1)ನೆಯ ವಿಧಿಯಿಂದ ಲಭಿಸುತ್ತದೆಂಬ ಭೇದವನ್ನು ಪರೀಕ್ಷಾರ್ಥಿಯು ಮನನ ಮಾಡತಕ್ಕದ್ದು.