ಟ್ಯಾಂಕಿನ ಫೈಲು ಟ್ಯಾಂಕಿನ ಜತೆಗೇ ಸಾಗಬೇಕು

ಮಂಗಳೂರಿನ ಪಣಂಬೂರು, ಬೈಕಂಪಾಡಿ, ಸುರತ್ಕಲ್ ಕಡೆ ಓಡಾಡುವವರಿಗೆ ಬುಲೆಟ್ ಟ್ಯಾಂಕರುಗಳ ಸಾಲು ಹೊಸದಲ್ಲ. ಅಡುಗೆ ಅನಿಲ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವವು ಕೆಲವು, ತಲಪಾಡಿ ದಾಟಿ ಕೇರಳಕ್ಕೆ ಹೋಗುವವು ಕೆಲವು. ಜತೆಗೆ ಪೆಟ್ರೋಲ್, ಡೀಸೆಲ್, ಅಮೋನಿಯಾ, ಆಸಿಡ್ ಹೊರುವ ಗಾಡಿಗಳು. ಇಂಥ ಟ್ಯಾಂಕುಗಳ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಟೆಸ್ಟ್ ಸರ್ಟಿಫಿಕೇಟು, ಲೈಸೆನ್ಸು, ರಿಪೇರಿ ಬುಕ್ಕು, ತೂಕದ ಚೀಟಿ ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ.

ಇದನ್ನು ಬರೀ ಗುಮಾಸ್ತಿಕೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಹೊಸ ಬಣ್ಣ ಹೊಡೆದರೆ ಹಳೆಯ ಟ್ಯಾಂಕೂ ಮೊನ್ನೆ ತಂದದ್ದರಂತೆ ಹೊಳೆಯುತ್ತದೆ. ಅದು ಮೊದಲು ಏನು ಹೊತ್ತಿತ್ತು, ಎಲ್ಲಿ ವೆಲ್ಡಿಂಗ್ ಮಾಡಿಸಿಕೊಂಡಿತು, ಕಳೆದ ಸಲ ಎಷ್ಟು ಒತ್ತಡ ತಡೆಯಿತು ಎಂಬುದು ಉಕ್ಕನ್ನು ಎಷ್ಟು ಹೊತ್ತು ನೋಡಿದರೂ ತಿಳಿಯುವುದಿಲ್ಲ. ಕಾಗದವೇ ಹೇಳಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1. ಫೈಲು ತೆರೆಯುವುದು ಟ್ಯಾಂಕಿನ ನಂಬರಿಗೆ, ಗಾಡಿಯ ನಂಬರಿಗಲ್ಲ

ಆರ್‌ಟಿಒ ಕೊಡುವ ನಂಬರು ಚಾಸಿಗೆ ಸೇರಿದ್ದು. ಚಾಸಿ ಸವೆದ ಮೇಲೆ ಅದೇ ಟ್ಯಾಂಕನ್ನು ಇಳಿಸಿ ಇನ್ನೊಂದು ಗಾಡಿಗೆ ಏರಿಸುವುದು ನಮ್ಮಲ್ಲಿ ಮಾಮೂಲು. ಆಗ ಗಾಡಿಯ ನಂಬರಿನಲ್ಲಿದ್ದ ಫೈಲಿಗೆ ದಾರ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ, ಹೊಸ ನಂಬರಿಗೆ ಹೊಸ ಫೈಲು ತೆರೆಯುತ್ತಾರೆ. ಟ್ಯಾಂಕು ಮಾತ್ರ ಹಳೆಯದೇ. ಅದರ ಅರ್ಧ ಆಯುಷ್ಯದ ಲೆಕ್ಕ ಅಟ್ಟದಲ್ಲೇ ಉಳಿದುಹೋಗುತ್ತದೆ.

ಟ್ಯಾಂಕಿನ ಮೈಮೇಲೆ ತಯಾರಕರು ಕೂರಿಸಿದ ಒಂದು ತಗಡಿನ ಪ್ಲೇಟು ಇರುತ್ತದೆ. ತಯಾರಕರ ಹೆಸರು, ಸೀರಿಯಲ್ ನಂಬರು, ಕಟ್ಟಿದ ವರ್ಷ, ಡಿಸೈನ್ ಒತ್ತಡ, ಟೆಸ್ಟ್ ಒತ್ತಡ, ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದೆಲ್ಲ ಅದರಲ್ಲಿ ಒತ್ತಿರುತ್ತದೆ. ಅದನ್ನು ಕಣ್ಣಲ್ಲಿ ಓದಿ ಕೈಯಲ್ಲಿ ಬರೆದುಕೊಂಡರೆ ಸಾಲದು. ಪ್ಲೇಟಿನ ಮೇಲೆ ಬಣ್ಣ ಕಟ್ಟಿದ್ದರೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ನಿಧಾನವಾಗಿ ಒರೆಸಿ. ಉಜ್ಜುಗಲ್ಲು, ಗ್ರೈಂಡರ್ ಮುಟ್ಟಿಸಬೇಡಿ. ಆಮೇಲೆ ತೆಳು ಬಿಳಿ ಹಾಳೆಯನ್ನು ಬಿಗಿಯಾಗಿ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿ. ಒಂದೊಂದೇ ಅಕ್ಷರ ಮೂಡಿ ಬರುತ್ತದೆ. ಆರ್‌ಟಿಒದಲ್ಲಿ ಚಾಸಿ ನಂಬರಿಗೆ ತೆಗೆಯುತ್ತಾರಲ್ಲ, ಅದೇ ಅಚ್ಚು. ದಿನಾಂಕ ಹಾಕಿ, ಸಹಿ ಮಾಡಿಸಿ, ಫೈಲಿನ ಮೊದಲ ಹಾಳೆಯಾಗಿ ಅದನ್ನೇ ಇಡಿ. ಸರ್ಟಿಫಿಕೇಟಿನಲ್ಲಿ 3 ಎಂದು ಟೈಪಾಗಿದ್ದದ್ದು ಪೆನ್ಸಿಲ್ ಅಚ್ಚಿನಲ್ಲಿ 8 ಆಗಿ ಕಂಡದ್ದುಂಟು. ನಂಬರು ತಾಳೆಯಾಗದ ಸರ್ಟಿಫಿಕೇಟು ಬೇರೆ ಯಾವುದೋ ಟ್ಯಾಂಕಿನದು ಎಂದೇ ತಿಳಿದು, ಸರಿಪಡಿಸುವ ತನಕ ಆ ಗಾಡಿಯನ್ನು ಲೋಡಿಗೆ ಕಳಿಸಬೇಡಿ.

2. ಗಡುವು ಎಣಿಸುವುದು ಟೆಸ್ಟ್ ಆದ ದಿನದಿಂದ

ಒತ್ತಡದಲ್ಲಿ ಅನಿಲ ಸಾಗಿಸುವ ಟ್ಯಾಂಕುಗಳಿಗೆ ಎಸ್‌ಎಂಪಿವಿ (ಸ್ಥಿರ ಮತ್ತು ಸಂಚಾರಿ ಒತ್ತಡದ ಪಾತ್ರೆಗಳ) ನಿಯಮಗಳು ಅನ್ವಯಿಸುತ್ತವೆ. 1981ರಲ್ಲಿ ಬಂದವು, 2016ರಲ್ಲಿ ಹೊಸದಾಗಿ ಜಾರಿಯಾದವು. ಉಸ್ತುವಾರಿ ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯದು. ಎಲ್‌ಪಿಜಿಯಂಥ ಅನಿಲದ ಟ್ಯಾಂಕಿಗೆ ಐದು ವರ್ಷದೊಳಗೆ ಮತ್ತೆ ನೀರಿನ ಒತ್ತಡದ ಪರೀಕ್ಷೆ; ವಿಷಕಾರಿ ಅಥವಾ ಉಕ್ಕು ತಿನ್ನುವ ಅನಿಲವಾದರೆ ಎರಡೇ ವರ್ಷ. ಪೆಟ್ರೋಲ್, ಡೀಸೆಲ್ ಟ್ಯಾಂಕುಗಳು 2002ರ ಪೆಟ್ರೋಲಿಯಂ ನಿಯಮಗಳ ಕೆಳಗೆ ಬರುತ್ತವೆ.

ಪರೀಕ್ಷೆಯಾದ ದಿನ ಒಂದು, ಸರ್ಟಿಫಿಕೇಟಿಗೆ ಸಹಿ ಬಿದ್ದ ದಿನ ಇನ್ನೊಂದು, ಆಫೀಸಿಗೆ ಬಂದ ದಿನ ಮತ್ತೊಂದು. ಮೂರರಲ್ಲಿ ಲೆಕ್ಕಕ್ಕೆ ಬರುವುದು ಮೊದಲನೆಯದು ಮಾತ್ರ.

ಸರ್ಟಿಫಿಕೇಟಿನ ಜತೆ ಚಾರ್ಟನ್ನೂ ಕೇಳಿ ಪಡೆಯಿರಿ. ಪರೀಕ್ಷೆಯ ಹೊತ್ತಿಗೆ ಟ್ಯಾಂಕಿನ ತುಂಬ ನೀರು ತುಂಬಿ, ಗಾಳಿಯನ್ನೆಲ್ಲ ಹೊರಬಿಟ್ಟು, ಪಂಪಿನಿಂದ ಒತ್ತಡ ಏರಿಸುತ್ತಾರೆ. ನೀರು ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಟ್ಯಾಂಕು ಬಿರಿದರೂ ಗಾಳಿ ತುಂಬಿದ್ದರಂತೆ ಸಿಡಿಯುವುದಿಲ್ಲ. ಪಕ್ಕದಲ್ಲಿ ಗಡಿಯಾರದಂತೆ ತಿರುಗುವ ದುಂಡು ಕಾಗದ, ಅದರ ಮೇಲೆ ಶಾಯಿಯ ಮುಳ್ಳು. ಒತ್ತಡ ಏರಿದಂತೆ ಗೆರೆ ಹೊರಗಡೆಗೆ ಸರಿಯುತ್ತದೆ, ಹಿಡಿದು ನಿಲ್ಲಿಸಿದಷ್ಟು ಹೊತ್ತು ಸಮವಾಗಿ ಸಾಗುತ್ತದೆ, ಇಳಿಸಿದಾಗ ಒಳಗೆ ಬರುತ್ತದೆ. ನಡುವೆ ಗೆರೆ ಸ್ವಲ್ಪ ಕುಸಿದಿದ್ದರೆ ಯಾಕೆಂದು ಅಲ್ಲೇ ಅಂಚಿನಲ್ಲಿ ಬರೆಸಿಕೊಳ್ಳಿ. ಫ್ಲಾಂಜ್ ಗ್ಯಾಸ್ಕೆಟ್ ಜಿನುಗಿತೋ, ಟ್ಯಾಂಕೇ ಜಿನುಗಿತೋ ಎಂಬುದು ಎರಡು ದಿನ ಕಳೆದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಟ್ಯಾಂಕಿನ ನಂಬರು, ಗೇಜಿನ ನಂಬರು, ಆ ಗೇಜನ್ನು ಕೊನೆಯ ಸಲ ತಾಳೆ ನೋಡಿದ ದಿನಾಂಕ ಮೂರೂ ಚಾರ್ಟಿನ ಮೇಲೆಯೇ ಇರಬೇಕು. ‘ಟೆಸ್ಟ್ ಪಾಸ್’ ಎಂದಷ್ಟೇ ಬರೆದ ಕಾಗದವನ್ನು ನಾನು ಫೈಲಿಗೆ ಸೇರಿಸುವುದಿಲ್ಲ.

3. ಹಿಂದೆ ಏನು ತುಂಬಿತ್ತು ಎಂಬ ಕಾಲಂ ಖಾಲಿ ಬಿಡಬೇಡಿ

ಎಲ್ಲ ಪಾಠಗಳಲ್ಲಿ ನನಗೆ ದೊಡ್ಡದೆನಿಸುವುದು ಇದು. 1978ರ ಜುಲೈ 11ರಂದು ಸ್ಪೇನಿನ ಲಾಸ್ ಆಲ್ಫಾಕೆಸ್ ಎಂಬ ಕಡಲತೀರದ ಕ್ಯಾಂಪಿನ ಪಕ್ಕದಲ್ಲಿ ಪ್ರೊಪಿಲೀನ್ ತುಂಬಿದ್ದ ಟ್ಯಾಂಕರ್ ಒಡೆಯಿತು. ಬೇಸಿಗೆ ರಜೆ ಕಳೆಯಲು ಬಂದಿದ್ದ ಕುಟುಂಬಗಳ ಮೇಲೆ ಬೆಂಕಿ ಬಿದ್ದು 200ಕ್ಕೂ ಹೆಚ್ಚು ಜನ ಸತ್ತರು. ಸುಮಾರು 19 ಟನ್ ಮಿತಿಯ ಟ್ಯಾಂಕಿಗೆ 23 ಟನ್ನಿಗೂ ಹೆಚ್ಚು ತುಂಬಿತ್ತು. ಒತ್ತಡ ಹೊರಬಿಡುವ ಸೇಫ್ಟಿ ವಾಲ್ವ್ ಅದಕ್ಕಿರಲಿಲ್ಲ. ಇಷ್ಟು ಬಹಳ ಜನರಿಗೆ ಗೊತ್ತು. ಅದೇ ಟ್ಯಾಂಕು ಅದಕ್ಕೂ ಮೊದಲು ಅಮೋನಿಯಾ ಹೊತ್ತಿತ್ತು ಎಂಬುದು ಕಡಿಮೆ ಜನರಿಗೆ ಗೊತ್ತು.

ನೀರಿನ ಅಂಶವಿಲ್ಲದ ಅಮೋನಿಯಾಕ್ಕೆ ಒಂದಿಷ್ಟು ಗಾಳಿ ಸೇರಿದರೆ, ವೆಲ್ಡಿಂಗಿನ ಬಿಗಿತ ಉಳಿದುಕೊಂಡ ಉಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಕಣ್ಣಿಗೆ ಕಾಣವು. ಹಾಗಾಗಬಾರದೆಂದೇ ಅಮೋನಿಯಾಕ್ಕೆ ಶೇಕಡಾ 0.2ರಷ್ಟು ನೀರು ಬೆರೆಸುವ ರೂಢಿ ಬಂದಿದೆ. ಹಿತ್ತಾಳೆಯ ಫಿಟ್ಟಿಂಗುಗಳನ್ನೂ ಅಮೋನಿಯಾ ತಿನ್ನುತ್ತದೆ. ಹೀಗಿರುವಾಗ, ಅಮೋನಿಯಾದಲ್ಲಿದ್ದ ಟ್ಯಾಂಕನ್ನು ತೊಳೆದು ಬಣ್ಣ ಹೊಡೆದು ಬೇರೆ ಅನಿಲಕ್ಕೆ ಹಾಕುವವರು ಅದರ ಹಳೆಯ ಸರಕನ್ನು ಬರೆದಿಡದಿದ್ದರೆ, ಮುಂದೆ ಪರೀಕ್ಷೆ ಮಾಡುವ ಎಂಜಿನಿಯರಿಗೆ ಬಿರುಕು ಹುಡುಕಬೇಕೆಂಬುದೇ ಹೊಳೆಯುವುದಿಲ್ಲ. ಎಂಜಿನಿಯರು ದಪ್ಪ ಅಳೆಯುತ್ತಾರೆ, ಒತ್ತಡ ಕೊಡುತ್ತಾರೆ, ಎರಡೂ ಸರಿಯಿರುತ್ತವೆ. ಮ್ಯಾಗ್ನೆಟಿಕ್ ಪುಡಿ ಹಾಕಿ ವೆಲ್ಡಿಂಗ್ ಗೆರೆಗಳನ್ನು ನೋಡಿ ಎಂದು ಕಾಗದವೇ ಅವರಿಗೆ ಹೇಳಬೇಕಿತ್ತು.

ಆದ್ದರಿಂದ ಸರಕು ಬದಲಾದ ಪ್ರತಿ ಸಲವೂ ಹಳೆಯ ಸರಕಿನ ಹೆಸರು ಮತ್ತು ಯುಎನ್ ನಂಬರು (ವಿಶ್ವಸಂಸ್ಥೆ ಆ ಸರಕಿಗೆ ಕೊಟ್ಟ ಸಂಖ್ಯೆ), ಬದಲಾಯಿಸಿದ ದಿನ, ತೊಳೆದವರು ಯಾರು, ಯಾವ ವಾಲ್ವು ಯಾವ ಗ್ಯಾಸ್ಕೆಟ್ ತೆಗೆದು ಏನು ಹಾಕಿದರು, ಅನುಮತಿ ಪತ್ರದ ನಂಬರು ಎಲ್ಲವೂ ದಾಖಲಾಗಬೇಕು. ಎಲ್‌ಪಿಜಿಗೆ 1075, ಅಮೋನಿಯಾಕ್ಕೆ 1005, ಕ್ಲೋರಿನ್ನಿಗೆ 1017. ಹೆಸರನ್ನು ಹತ್ತು ಜನ ಹತ್ತು ರೀತಿ ಬರೆದರೂ ಈ ನಂಬರು ಬದಲಾಗುವುದಿಲ್ಲ.

4. ಗ್ಯಾಸ್ ಫ್ರೀ ಸರ್ಟಿಫಿಕೇಟಿಗೆ ದಿನಾಂಕದ ಜತೆ ಗಂಟೆಯೂ ಬೇಕು

ವೆಲ್ಡಿಂಗಿಗೆ ನಿಲ್ಲಿಸಿದ ಟ್ಯಾಂಕು ಸಿಡಿದು ಗ್ಯಾರೇಜಿನ ಹುಡುಗರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಓದಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಅದು ತಪ್ಪಿಸಬಹುದಾದ ಸಾವು. ಬೆಳಗ್ಗೆ ಮೀಟರಿನಲ್ಲಿ ಆವಿ ಇಲ್ಲವೆಂದು ತೋರಿಸಿದ ಟ್ಯಾಂಕಿನಲ್ಲಿ ಬಿಸಿಲೇರಿದ ಮೇಲೆ ತಳದ ಗಸಿಯಿಂದ, ಪೈಪಿನ ಮೂಲೆಯಿಂದ ಮತ್ತೆ ಆವಿ ಏಳುತ್ತದೆ. ಹಾಗಾಗಿ ಅಳೆದ ಗಂಟೆ, ಮೀಟರಿನ ಅಂಕಿ, ಮ್ಯಾನ್‌ಹೋಲ್, ತಳ, ಪೈಪು ಹೀಗೆ ಎಲ್ಲೆಲ್ಲಿ ಅಳೆದರು, ಎಷ್ಟು ಹೊತ್ತಿನ ತನಕ ನಡೆಯುತ್ತದೆ ಎಂಬುದು ಒಳಗೆ ಆವಿ ಇಲ್ಲವೆಂದು ಹೇಳುವ ಆ ಗ್ಯಾಸ್ ಫ್ರೀ ಕಾಗದದಲ್ಲಿರಬೇಕು. ಊಟಕ್ಕೆ ಹೋಗಿ ಬಂದರೆ ಮತ್ತೆ ಅಳೆಯಬೇಕು, ಮತ್ತೆ ಬರೆಯಬೇಕು.

ಆಸಿಡ್ ಟ್ಯಾಂಕಿನವರು ಇದು ಪೆಟ್ರೋಲಿನವರಿಗೆ ಹೇಳಿದ್ದು ಎಂದುಕೊಳ್ಳುವುದುಂಟು. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಸಾದಾ ಉಕ್ಕಿನ ಟ್ಯಾಂಕಿನಲ್ಲಿ ಸಾಗುತ್ತದೆ. ಅದಕ್ಕೆ ನೀರು ತಾಗಿ ತೆಳುವಾದರೆ ಉಕ್ಕನ್ನು ತಿನ್ನತೊಡಗುತ್ತದೆ, ಹೈಡ್ರೋಜನ್ ಹುಟ್ಟುತ್ತದೆ. ಅರೆಬರೆ ತೊಳೆದು ಮುಚ್ಚಳ ಹಾಕಿದ ಆಸಿಡ್ ಟ್ಯಾಂಕು ವೆಲ್ಡಿಂಗಿನ ಕಿಡಿಗೆ ಸಿಡಿಯುವುದು ಹೀಗೆ.

5. ತೂಕದ ಚೀಟಿ ಎರಡೂ ಇರಲಿ

ಖಾಲಿ ತೂಕ, ತುಂಬಿದ ತೂಕ, ಎರಡೂ ಅದೇ ದಿನದ್ದು. ಆರ್‌ಸಿಯಲ್ಲಿರುವ ಖಾಲಿ ತೂಕವನ್ನೇ ನಂಬಿ ಲೆಕ್ಕ ಹಾಕುವವರಿದ್ದಾರೆ. ಟಯರು ಬದಲಾಗಿರುತ್ತದೆ, ಹೊಸ ಬಂಪರ್ ಕೂತಿರುತ್ತದೆ, ಒಳಗೆ ಹಳೆಯ ಸರಕು ಉಳಿದಿರುತ್ತದೆ. ಅನಿಲದ ದ್ರವ ಬಿಸಿಲಿಗೆ ಹಿಗ್ಗುತ್ತದೆ, ಮೇಲೆ ಜಾಗ ಬಿಟ್ಟಿರಲೇಬೇಕು. ಲಾಸ್ ಆಲ್ಫಾಕೆಸ್‌ನ ಲೆಕ್ಕ ನೆನಪಿಟ್ಟುಕೊಂಡವರು ವೇಬ್ರಿಡ್ಜಿನ ಚೀಟಿಯನ್ನು ಎಸೆಯಲಾರರು.

6. ದಪ್ಪ ಅಳೆದ ಜಾಗದ ನಕ್ಷೆ ಬರೆಯಿರಿ

ಅಲ್ಟ್ರಾಸಾನಿಕ್ ಗೇಜಿನಲ್ಲಿ ಅಳೆದ ಅಂಕಿಗಳ ಪಟ್ಟಿ ಮಾತ್ರ ಇದ್ದು, ಎಲ್ಲಿ ಅಳೆದರು ಎಂಬುದಿಲ್ಲದಿದ್ದರೆ ಮುಂದಿನ ಸಲದ ಅಂಕಿಗೆ ಹೋಲಿಸಲು ಏನೂ ಇರುವುದಿಲ್ಲ. ಟ್ಯಾಂಕಿನ ಚಿತ್ರ ಬಿಡಿಸಿ, ಜಾಗಗಳಿಗೆ ನಂಬರು ಕೊಟ್ಟು, ಪ್ರತಿ ಸಲ ಅಲ್ಲೇ ಅಳೆಯಲು ಹೇಳಿ. ತಳಭಾಗ, ನಾಜಲ್ ಸುತ್ತ, ಬಾಗಿದ ತುದಿಗಳು ಬಿಟ್ಟುಹೋಗಬಾರದು. ಹಿಂದೆ 10.2 ಮಿಲಿಮೀಟರ್ ಇದ್ದ ಜಾಗ ಈ ಸಲ 10.6 ಎಂದು ಬಂದರೆ ಉಕ್ಕು ಬೆಳೆದಿಲ್ಲ. ಮೇಲಿನ ಬಣ್ಣವನ್ನೂ ಸೇರಿಸಿ ಅಳೆದಿರಬೇಕು, ಇಲ್ಲವೇ ಗೇಜು ಕೆಟ್ಟಿರಬೇಕು. ಮತ್ತೆ ಕಳಿಸಿ ಅಳೆಸಿ.

7. ನೋಡಿದವರ ಮಾತು ಅವರ ಭಾಷೆಯಲ್ಲೇ ಇರಲಿ

ಬುಲೆಟ್ ಟ್ಯಾಂಕರುಗಳ ದೊಡ್ಡ ಊರು ತಮಿಳುನಾಡಿನ ನಾಮಕ್ಕಲ್. ಅಲ್ಲಿಂದ ಬರುವ ಡ್ರೈವರುಗಳು ಕನ್ನಡ ಆಡುತ್ತಾರೆ, ಬರೆಯುವವರು ಕಡಿಮೆ. ಡ್ರೈವರು ಬಂದು, ‘ಸಾರ್, ಘಾಟಿ ಇಳಿಯುವಾಗ ಹಿಂದಿನ ವಾಲ್ವ್ ಹತ್ತಿರ ವಾಸನೆ ಬರ್ತದೆ, ಸಮತಟ್ಟಿಗೆ ಬಂದ್ರೆ ಇಲ್ಲ’ ಎನ್ನುತ್ತಾರೆ. ಆಫೀಸಿನವರು ಅದನ್ನು ಇಂಗ್ಲಿಷಿನಲ್ಲಿ ‘ವಾಲ್ವ್ ಲೀಕ್, ಚೆಕ್’ ಎಂದು ಮುಗಿಸುತ್ತಾರೆ. ಮೇಸ್ತ್ರಿ ಯಾರ್ಡಿನಲ್ಲಿ ಸೋಪಿನ ನೀರು ಹಾಕಿ ನೋಡುತ್ತಾರೆ, ಗುಳ್ಳೆ ಏಳುವುದಿಲ್ಲ, ‘ಓಕೆ’ ಎಂದು ಬರೆಯುತ್ತಾರೆ. ಘಾಟಿ, ಸಮತಟ್ಟು ಎಂಬ ಎರಡು ಮಾತಿನಲ್ಲೇ ತೊಂದರೆಯ ಸುಳಿವೆಲ್ಲ ಇತ್ತು, ಅದೇ ಬಿಟ್ಟುಹೋಯಿತು. ‘ಅಣ್ಣ, ನಿಮಗೆ ಬರುವ ಭಾಷೆಯಲ್ಲೇ ಬರೆಯಿರಿ’ ಎಂದು ಬುಕ್ಕು ಅವರ ಕೈಗೇ ಕೊಡಿ. ತಮಿಳಾದರೆ ತಮಿಳು, ಹಿಂದಿಯಾದರೆ ಹಿಂದಿ. ಪಕ್ಕದಲ್ಲಿ ನೀವು ಕನ್ನಡದಲ್ಲಿ ಬರೆದುಕೊಂಡರಾಯಿತು.

ಡ್ರೈವರ ಕಾಗದವೂ ಈ ಫೈಲಿನ ಭಾಗವೇ. ಅಪಾಯಕಾರಿ ಸರಕಿನ ಲೈಸೆನ್ಸ್ ಮೊದಲು ವರ್ಷಕ್ಕೊಮ್ಮೆ ನವೀಕರಣವಾಗುತ್ತಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಮೂರು ವರ್ಷವಾಯಿತು. ಅವಧಿ ಉದ್ದವಾದಷ್ಟೂ ಮರೆಯುವುದು ಸುಲಭ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಳ್ಳಿ.

8. ಒಂದು ಪ್ರತಿ ಕ್ಯಾಬಿನ್ನಿನಲ್ಲಿ, ಇನ್ನೊಂದು ಬೆಂಕಿ ತಾಗದ ಕಡೆ

2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಗ್ಯಾಸ್ ಟ್ಯಾಂಕರ್ ಡಿವೈಡರಿಗೆ ಬಡಿದು 20 ಜನ ಸತ್ತರು. ಮರುವರ್ಷ ಏಪ್ರಿಲಿನಲ್ಲಿ ನಮ್ಮದೇ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಹೊತ್ತಿಕೊಂಡು ಅಕ್ಕಪಕ್ಕದ ಮನೆಗಳಿಗೂ ಬೆಂಕಿ ಹಬ್ಬಿತು. ಇಂಥ ಹೊತ್ತಿನಲ್ಲಿ ಕ್ಯಾಬಿನ್ನಿನ ಕಾಗದ ಗಾಡಿಯ ಜತೆಗೇ ಸುಡುತ್ತದೆ. ಅಗ್ನಿಶಾಮಕದವರು ಫೋನಿನಲ್ಲಿ ಕೇಳುವುದು ಒಳಗೆ ಏನಿದೆ, ಎಷ್ಟಿದೆ, ವಾಲ್ವುಗಳು ಯಾವ ಕಡೆ ಇವೆ, ತುರ್ತು ವಾಲ್ವು ಎಲ್ಲಿಂದ ಮುಚ್ಚಬೇಕು ಎಂದು. ಈ ನಾಲ್ಕಕ್ಕೆ ಉತ್ತರ ಕೊಡುವ ಒಂದೇ ಹಾಳೆ, ವಾಲ್ವುಗಳ ಚಿತ್ರದೊಂದಿಗೆ, ರಾತ್ರಿ ಫೋನ್ ಎತ್ತುವವರ ಕೈಗೆ ಸಿಗುವಲ್ಲಿ ಇರಬೇಕು. ಆಫೀಸಿನ ಬೀರುವಿಗೆ ಬೀಗ ಹಾಕಿ ಮ್ಯಾನೇಜರು ಮನೆಗೆ ಹೋಗಿದ್ದರೆ ಆ ಫೈಲು ಇದ್ದೂ ಇಲ್ಲದಂತೆ.

ಟ್ಯಾಂಕಿನ ಎರಡು ಮಗ್ಗುಲು ಮತ್ತು ಹಿಂಭಾಗದಲ್ಲಿ ತುರ್ತು ಮಾಹಿತಿ ಫಲಕ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸರಕಿನ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ, ಯುಎನ್ ನಂಬರು 100 ಮಿಲಿಮೀಟರಿನಲ್ಲಿ. ಆ ಫಲಕದಲ್ಲಿರುವ ತುರ್ತು ಫೋನ್ ನಂಬರಿಗೆ ನೀವೇ ಒಮ್ಮೆ ಕರೆ ಮಾಡಿ, ಯಾರು ಎತ್ತಿದರು ಎಂದು ದಿನಾಂಕ ಹಾಕಿ ಬರೆದಿಡಿ. ಎಂದೋ ಕೆಲಸ ಬಿಟ್ಟವರ ಮೊಬೈಲ್ ನಂಬರು ಹೊತ್ತು ತಿರುಗುವ ಟ್ಯಾಂಕರುಗಳು ರಸ್ತೆಯಲ್ಲಿವೆ.

9. ಟ್ಯಾಂಕು ಮಾರಿದರೆ ಫೈಲೂ ಹೋಗಲಿ, ಪ್ರತಿ ಉಳಿಯಲಿ

ಅಮೆರಿಕದ ನಿಯಮ ಇದರಲ್ಲಿ ನನಗೆ ಮೆಚ್ಚುಗೆಯಾಗಿದೆ. ಟ್ಯಾಂಕು ಕಟ್ಟಿದ ಸರ್ಟಿಫಿಕೇಟನ್ನು ಮಾಲೀಕರು ಅದು ತಮ್ಮ ಬಳಿ ಇರುವಷ್ಟು ಕಾಲ, ಕೈಬಿಟ್ಟ ಮೇಲೆ ಇನ್ನೂ ಒಂದು ವರ್ಷ ಇಟ್ಟುಕೊಳ್ಳಬೇಕು. ಯಾವ ಪರೀಕ್ಷೆ ಯಾವ ತಿಂಗಳಲ್ಲಾಯಿತು ಎಂಬುದು ಟ್ಯಾಂಕಿನ ಮೈಮೇಲೂ ಬರೆದಿರಬೇಕು: ಒತ್ತಡದ ಪರೀಕ್ಷೆಗೆ ಪಿ, ಸೋರಿಕೆಗೆ ಕೆ, ದಪ್ಪಕ್ಕೆ ಟಿ. ರಸ್ತೆಯಲ್ಲಿ ತಡೆದ ಪೊಲೀಸರೂ ಓದಬಹುದು. ನಮ್ಮಲ್ಲೂ ಹೀಗೆ ಬರೆಸಲು ಪೇಂಟರಿಗೆ ಹೇಳಿದರೆ ಸಾಕು.

ಮಾರಾಟದ ದಿನ ಕೊಂಡವರಿಂದ ಹಾಳೆ ಹಾಳೆಗೂ ಸಹಿ ಪಡೆದು ಪೂರ್ತಿ ಫೈಲು ಒಪ್ಪಿಸಿ. ರಿಪೇರಿಯ ಪುಟಗಳನ್ನು ಕಿತ್ತು ಕೊಡಿ, ಒಳ್ಳೆಯ ಬೆಲೆ ಬರುತ್ತದೆ ಎಂದು ಮಾಲೀಕರು ಹೇಳಿದರೆ ಆಗುವುದಿಲ್ಲ ಎನ್ನಿ. ಆ ಪುಟದಲ್ಲಿರುವ ವೆಲ್ಡಿಂಗಿನ ಪಕ್ಕದಲ್ಲಿ ನಾಳೆ ಇನ್ನೊಬ್ಬ ಡ್ರೈವರು ಮಲಗುತ್ತಾರೆ. ಗುಜರಿಗೆ ಹೋಗುವ ಟ್ಯಾಂಕಾದರೆ ಲೈಸೆನ್ಸ್ ಹಿಂತಿರುಗಿಸಿ, ನಾಜಲ್ ಕತ್ತರಿಸಿ ಮತ್ತೆ ಬಳಸದಂತೆ ಮಾಡಿಸಿ, ನೇಮ್‌ಪ್ಲೇಟು ಬಿಡಿಸಿ ಫೈಲಿನೊಳಗೆ ಹಾಕಿ, ಮೊದಲ ಹಾಳೆಯ ಪೆನ್ಸಿಲ್ ಅಚ್ಚಿನ ಕೆಳಗೆ ಕತ್ತರಿಸಿದ ದಿನಾಂಕ ಬರೆಯಿರಿ. ಹಾಗೆ ಬಿಡಿಸದೆ ಉಳಿದ ಪ್ಲೇಟುಗಳು ಬೇರೆ ಟ್ಯಾಂಕಿನ ಮೈಮೇಲೆ ಹೋಗಿ ಕೂರಬಹುದು.