ಮಕ್ಕಳ ಕೈಯಲ್ಲಿಯ ಕ್ಯಾಮೆರಾ: ಬಾಲ್ಯ, ಬಾಳು, ಸಾವುಗಳ ಒಂದು ಪಾಠ

ಎಳೆಯರ ಮುಂದೆ ಸಾವಿನ ಮಾತನ್ನೆತ್ತಬಾರದೆಂಬ ಭಾವನೆ ಹಿರಿಯರಲ್ಲಿ ಆಳವಾಗಿ ಬೇರೂರಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಕ್ಕಳನ್ನು ನೆರೆಮನೆಗೆ ಕಳುಹಿಸಿಬಿಡುವರು. ನಾಲ್ಕು ದಿನ ಕಳೆದು ಮಗು ಶಾಲೆಗೆ ಬಂದಾಗ ಶಿಕ್ಷಕರೂ ಆ ಬಗೆಗೆ ಏನನ್ನೂ ಕೇಳದೆ ಬಿಟ್ಟ ಪಾಠಗಳನ್ನು ಬರೆದುಕೊಳ್ಳಲು ಹೇಳುವರು. ಇದರಲ್ಲಿ ಕರುಣೆಯಿದೆ, ನಿಜ. ಆದರೆ ಈ ಮೌನದಿಂದ ಮಗುವಿಗೆ ರಕ್ಷಣೆ ದೊರೆಯುವುದೋ ಅಥವಾ ಅದು ತನ್ನ ದುಃಖದೊಡನೆ ಒಂಟಿಯಾಗಿ ಉಳಿಯುವುದೋ ಎಂಬುದು ವಿಚಾರಿಸತಕ್ಕ ವಿಷಯ. ಅಮೆರಿಕದ ಕೆಂಟಕಿ ಸಂಸ್ಥಾನದ ಲೆಚರ್ ಕೌಂಟಿಯ ಕೆಲವು ಸಣ್ಣ ಪ್ರಾಥಮಿಕ ಶಾಲೆಗಳಲ್ಲಿ 1975ರಿಂದ 1982ರ ವರೆಗೆ ನಡೆದ ಛಾಯಾಗ್ರಹಣದ ಪಾಠಗಳು ಈ ಪ್ರಶ್ನೆಯ ಮೇಲೆ ಅನಿರೀಕ್ಷಿತವಾದ ಬೆಳಕು ಚೆಲ್ಲುತ್ತವೆ. ಅನಿರೀಕ್ಷಿತವೆನ್ನಲು ಕಾರಣವಿದೆ: ಅಲ್ಲಿಯ ಶಿಕ್ಷಕಿ ಸಾವನ್ನು ಪಾಠದ ವಿಷಯವನ್ನಾಗಿ ಗೊತ್ತುಪಡಿಸಿರಲೇ ಇಲ್ಲ. ಅದನ್ನು ತರಗತಿಯೊಳಕ್ಕೆ ತಂದವರು ಮಕ್ಕಳು.

ಲೆಚರ್ ಕೌಂಟಿ ಅಪಲೇಚಿಯನ್ ಬೆಟ್ಟಸಾಲಿನೊಳಗಣ ಕಲ್ಲಿದ್ದಲಿನ ನಾಡು. ಕಿರಿದಾದ ಕಣಿವೆಗಳು, ಹಳ್ಳಗಳ ದಂಡೆಗುಂಟ ಚದುರಿದ ಮನೆಗಳು, ಬೆಟ್ಟದ ಹೊಟ್ಟೆಯೊಳಗೆ ಗಣಿಗಳು. 1964ರಲ್ಲಿ ಅಧ್ಯಕ್ಷ ಜಾನ್ಸನ್ ಅವರು ಬಡತನದ ವಿರುದ್ಧ ಸಮರ ಸಾರಿದ ತರುವಾಯ ಈ ಸೀಮೆಗೆ ಪತ್ರಕರ್ತರೂ ಚಿತ್ರಗ್ರಾಹಕರೂ ತಂಡತಂಡವಾಗಿ ಬರತೊಡಗಿದರು. ಹರಕು ಅಂಗಿಯ ಮಗು, ಮುರುಕು ಪಡಸಾಲೆ, ಹಲ್ಲುದುರಿದ ಮುದುಕ: ಇಂಥವೇ ಚಿತ್ರಗಳು ದೇಶದ ತುಂಬ ಹರಡಿದವು. ಇದರಿಂದ ಅಲ್ಲಿಯ ಜನರಿಗಾದ ಅಪಮಾನವನ್ನು ತಿಳಿಯಲು ಒಂದು ಘಟನೆ ಸಾಕು. 1967ರ ಸೆಪ್ಟೆಂಬರಿನಲ್ಲಿ ಇದೇ ಕೌಂಟಿಯ ಜೆರಮಾಯ ಎಂಬಲ್ಲಿ ಕೆನಡಾ ದೇಶದ ಚಿತ್ರನಿರ್ದೇಶಕ ಹ್ಯೂ ಓಕಾನರ್ ಅವರು ಒಂದು ಬಾಡಿಗೆ ಮನೆಯ ಮುಂದೆ ಗಣಿ ಕಾರ್ಮಿಕನೊಬ್ಬನ ಚಿತ್ರ ತೆಗೆಯುತ್ತಿದ್ದಾಗ, ಆ ಭೂಮಿಯ ಒಡೆಯ ಬಂದು ಗುಂಡು ಹಾರಿಸಿ ಅವರನ್ನು ಕೊಂದನು. ಕೊಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಹೊರಗಿನವನ ಕೈಯಲ್ಲಿಯ ಕ್ಯಾಮೆರಾ ಅಲ್ಲಿ ಎಂಥ ವಸ್ತುವಾಗಿ ಪರಿಣಮಿಸಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂಥ ನಾಡಿಗೆ ಎಂಟು ವರ್ಷಗಳ ಅನಂತರ ಇಪ್ಪತ್ತನಾಲ್ಕರ ವಯಸ್ಸಿನ ವೆಂಡಿ ಇವಾಲ್ಡ್ ಅವರು ಬಂದರು. ಅವರೂ ಹೊರಗಿನವರೇ, ಹುಟ್ಟಿದ್ದು ಡೆಟ್ರಾಯಿಟ್ ನಗರದಲ್ಲಿ. ಬೆಟ್ಟದ ಜನರ ಜೀವನವನ್ನು ತಾವೇ ಚಿತ್ರಿಸಬೇಕೆಂಬ ಹಂಬಲದಿಂದ ಬಂದವರಿಗೆ, ತಮಗೂ ಜನರಿಗೂ ನಡುವೆ ಕ್ಯಾಮೆರಾ ಅಡ್ಡ ಬರುತ್ತಿದೆಯೆಂಬುದು ಬೇಗನೆ ಮನವರಿಕೆಯಾಯಿತು. ಮನಸ್ಸಿನಲ್ಲಿ ಮೊದಲೇ ಮೂಡಿಸಿಕೊಂಡಿದ್ದ ಬೆಟ್ಟದ ಬಾಳನ್ನೇ ಅವರು ಎಲ್ಲೆಡೆ ಹುಡುಕುತ್ತಿದ್ದರು. ಹಿಂದೆ 1969ರಲ್ಲಿ ಕೆನಡಾದ ಲ್ಯಾಬ್ರಡಾರ್ ಪ್ರಾಂತದಲ್ಲಿ ಇನ್ನು ಎಂಬ ಮೂಲನಿವಾಸಿಗಳ ಮಕ್ಕಳಿಗೆ ಕ್ಯಾಮೆರಾ ಕೊಟ್ಟು, ಅವರು ತೆಗೆದ ಚಿತ್ರಗಳು ತಮ್ಮವಕ್ಕಿಂತ ಬೇರೆಯಾಗಿದ್ದುದನ್ನು ಅವರು ಕಂಡಿದ್ದರು. ಕೆಂಟಕಿಯಲ್ಲಿ ಅದನ್ನೇ ಒಂದು ಕ್ರಮಬದ್ಧ ಪಾಠವನ್ನಾಗಿ ಬೆಳೆಸಿದರು.

ಮಕ್ಕಳಿಗೆ ದೊರೆತುದು ಕೊಡಕ್ ಸಂಸ್ಥೆಯ ಇನ್‌ಸ್ಟಮ್ಯಾಟಿಕ್ ಎಂಬ ಅಗ್ಗದ ಕ್ಯಾಮೆರಾ. ಅದನ್ನು ಬಿಟ್ಟಿಯಾಗಿ ಹಂಚಲಿಲ್ಲ; ಪ್ರತಿಯೊಂದು ಮಗುವೂ ಅಲ್ಪ ಬೆಲೆ ತೆತ್ತು ಕೊಂಡುಕೊಳ್ಳಬೇಕಾಗಿತ್ತು. ತನ್ನ ದುಡಿಮೆಯಿಂದ ಪಡೆದ ವಸ್ತುವನ್ನು ಮಗು ಜತನದಿಂದ ಕಾಯುವುದೆಂಬ ಈ ತಿಳಿವಳಿಕೆ ಶಾಲೆಗಳಿಗೆ ಉದಾರವಾಗಿ ದಾನ ನೀಡುವವರೂ ಲಕ್ಷ್ಯಗೊಡತಕ್ಕದ್ದು. 1963ರಲ್ಲಿ ಮಾರುಕಟ್ಟೆಗೆ ಬಂದ ಈ ಕ್ಯಾಮೆರಾದಲ್ಲಿ ಫಿಲ್ಮಿನ ಸುರುಳಿಯನ್ನು ಹಲ್ಲುಚಕ್ರಕ್ಕೆ ಸಿಕ್ಕಿಸುವ ತೊಡಕಿರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಡಗಿದ ಫಿಲ್ಮನ್ನು ಹಿಂಬದಿಯಲ್ಲಿಟ್ಟು ಮುಚ್ಚಿದರಾಯಿತು. ಸರಳ ಮಾದರಿಗಳಲ್ಲಿ ಮಸೂರವನ್ನು ಹಿಂದೆ ಮುಂದೆ ಸರಿಸುವಂತಿಲ್ಲ. ತೀರ ಸಮೀಪಕ್ಕೆ ಹೋದರೆ ಚಿತ್ರ ಮಸುಕಾಗುವುದು. ನೋಡುವ ಕಿಂಡಿ ಬೇರೆ, ಬೆಳಕು ಒಳಹೊಗುವ ಮಸೂರ ಬೇರೆಯಾದ್ದರಿಂದ, ಹತ್ತಿರ ನಿಂತು ತೆಗೆದರೆ ಅಜ್ಜಿಯ ತಲೆ ಕತ್ತರಿಸಿಹೋಗುವ ಅಪಾಯವೂ ಉಂಟು. ಇಷ್ಟು ಮಿತಿಗಳುಳ್ಳ ಉಪಕರಣದಿಂದ ಮಗು ಕಲಿಯಬೇಕಾದುದು ಒಂದೇ: ಎಲ್ಲಿ ನಿಲ್ಲಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು. ಕಪ್ಪು-ಬಿಳುಪು ಫಿಲ್ಮನ್ನು ತೊಳೆದು ಅಚ್ಚು ಹಾಕುವ ಕೆಲಸವನ್ನೂ ಕತ್ತಲೆ ಕೋಣೆಯಲ್ಲಿ ಮಕ್ಕಳೇ ಕಲಿತರು. ಕೆಂಪು ದೀಪದ ಕೆಳಗೆ, ತಟ್ಟೆಯಲ್ಲಿಯ ದ್ರಾವಣದೊಳಗೆ ಬಿಳಿಯ ಕಾಗದದ ಮೇಲೆ ಒಂದು ಮುಖ ತಾನಾಗಿ ಮೂಡಿ ಬರುವುದನ್ನು ಕಂಡವರಾರೂ ಆ ಕ್ಷಣವನ್ನು ಮರೆಯಲಾರರು.

ಪಾಠದ ಕ್ರಮ ಹೀಗಿತ್ತು: ಮೊದಲು ತನ್ನ ಚಿತ್ರ, ಬಳಿಕ ಮನೆಯವರ ಚಿತ್ರ, ಅನಂತರ ಸಾಕಿದ ಪ್ರಾಣಿಗಳು, ಕೊನೆಗೆ ಕನಸು. ಈ ನಾಲ್ಕರಲ್ಲಿ ಸಾವಿನ ಹೆಸರೇ ಇಲ್ಲ. ಹೀಗಿದ್ದರೂ ಚಿತ್ರಗಳು ಮರಳಿ ಬಂದಾಗ ಅದು ಅಲ್ಲಿತ್ತು.

ತನ್ನ ಚಿತ್ರವನ್ನು ತಾನೇ ತೆಗೆಯುವುದೆಂದರೆ, ಆ ಕ್ಯಾಮೆರಾದ ಮಟ್ಟಿಗೆ, ನಿಲ್ಲುವ ಜಾಗ, ಹಿನ್ನೆಲೆ, ಭಂಗಿಗಳನ್ನೆಲ್ಲ ಮಗುವೇ ನಿಶ್ಚಯಿಸಿ ಗುಂಡಿ ಒತ್ತಲು ಮಾತ್ರ ಅಕ್ಕನನ್ನೋ ತಮ್ಮನನ್ನೋ ಬೇಡಿಕೊಳ್ಳುವುದು. ಒಬ್ಬ ಬಾಲಕ ಹೀಗೆ ತನ್ನ ಚಿತ್ರವನ್ನು ತೆಗೆಸಿಕೊಳ್ಳುವಾಗ ಒಬ್ಬನೇ ನಿಲ್ಲಲಿಲ್ಲ. ತನ್ನ ಹಿರಿಯ ಅಣ್ಣನ ಭಾವಚಿತ್ರವನ್ನು ಜೊತೆಗಿರಿಸಿಕೊಂಡನು. ಆ ಅಣ್ಣ ವಿಯೆಟ್ನಾಂ ಯುದ್ಧದಿಂದ ಮರಳಿ ಬಂದ ಮೇಲೆ ತಾನೇ ಪ್ರಾಣ ನೀಗಿಕೊಂಡವನು. ಬಾಲಕ ತನ್ನ ಚಿತ್ರಕ್ಕೆ ಕೊಟ್ಟ ಶೀರ್ಷಿಕೆಯಲ್ಲಿ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ, ಒಂದೇ ವಾಕ್ಯದಲ್ಲಿ, ಅಣ್ಣನ ಹೆಸರಿನೊಡನೆ ಹೇಳಿಬಿಟ್ಟಿದ್ದಾನೆ. ಹಿರಿಯರಾದವರು ಆ ಮಾತನ್ನು ಆಡಲು ಎಷ್ಟು ಸುತ್ತುಬಳಸು ಮಾಡುತ್ತಿದ್ದರು! ‘ನಿನ್ನ ಚಿತ್ರವನ್ನು ತೆಗೆ’ ಎಂಬ ಸೂಚನೆಗೆ ಅವನ ಉತ್ತರ ಇದಾಗಿತ್ತು. ಅಣ್ಣನನ್ನು ಬಿಟ್ಟರೆ ತಾನು ಪೂರ್ಣನಲ್ಲವೆಂದು ಅವನಿಗೆ ತೋರಿದ್ದಿರಬೇಕು.

ಈ ಚಿತ್ರದಲ್ಲಿ ಎರಡು ಕಾಲಗಳಿವೆ. ಒಳಗಿನ ಭಾವಚಿತ್ರದಲ್ಲಿ ಅಣ್ಣನ ವಯಸ್ಸು ನಿಂತಲ್ಲಿಯೇ ನಿಂತಿದೆ. ತಮ್ಮನಾದರೋ ವರ್ಷವರ್ಷಕ್ಕೂ ಬೆಳೆಯತಕ್ಕವನು. ಬೆಳೆದಂತೆಲ್ಲ ಅವನು ಅಣ್ಣನ ವಯಸ್ಸನ್ನು ಸಮೀಪಿಸಬೇಕು, ಒಂದು ದಿನ ಅದನ್ನು ದಾಟಿ ತನ್ನ ಅಣ್ಣನಿಗಿಂತ ತಾನೇ ಹಿರಿಯನಾಗಬೇಕು. ಗೋಡೆಯ ಮೇಲೆ ಮಾಲೆ ಹಾಕಿದ ಭಾವಚಿತ್ರವುಳ್ಳ ಮನೆಗಳಲ್ಲಿ ಬೆಳೆದವರಿಗೆ ಈ ವಿಚಿತ್ರ ಲೆಕ್ಕ ಅಪರಿಚಿತವಲ್ಲ. ಇನ್ನೊಂದು ಮಗು ತನ್ನ ಅಜ್ಜಿಯನ್ನೂ ಸೋದರಿಯನ್ನೂ ತೀರಿಹೋದ ದಾಯಾದಿಯ ಚಿತ್ರದೊಡನೆ ನಿಲ್ಲಿಸಿ ಚಿತ್ರ ತೆಗೆಯಿತು. ಮುಪ್ಪು, ಬಾಲ್ಯ, ಸಾವು ಮೂರೂ ಒಂದೇ ಚೌಕಟ್ಟಿನಲ್ಲಿ ಕೂಡಿದವು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕುಟುಂಬವೆಂದರೆ ಉಸಿರಾಡುವವರಷ್ಟೇ ಅಲ್ಲವೆಂಬುದು ಆ ಮಗುವಿಗೆ ಮನೆಯಲ್ಲಿಯೇ ತಿಳಿದಿತ್ತು.

ಇನ್ನು ಕನಸಿನ ಪಾಠ. ಕನಸನ್ನು ಕ್ಯಾಮೆರಾ ಹಿಡಿಯಲಾರದು. ಅದನ್ನು ನಾಟಕದಂತೆ ಆಡಿಸಬೇಕು. ಒಬ್ಬ ಹುಡುಗ, ತನ್ನ ಆಪ್ತ ಗೆಳೆಯನನ್ನು ತಾನೇ ಕೊಂದಂತೆ ಕನಸು ಕಂಡಿದ್ದನು. ಅವನು ಅದೇ ಗೆಳೆಯನನ್ನು ಕರೆದೊಯ್ದು, ಕವಲೊಡೆದ ಮರದ ಸಂದಿನಲ್ಲಿ ಜೀವವಿಲ್ಲದವನಂತೆ ಜೋತುಬಿದ್ದಿರಲು ಹೇಳಿ ಚಿತ್ರ ತೆಗೆದನು. ನೋಡಿದವರು ಬೆಚ್ಚಿಬೀಳುವಂಥ ಚಿತ್ರವದು. ಎಷ್ಟೋ ಶಾಲೆಗಳಲ್ಲಿ ಇಂಥ ಚಿತ್ರ ತಂದ ವಿದ್ಯಾರ್ಥಿಯ ಪಾಲಕರನ್ನು ಕೂಡಲೇ ಕರೆಸಿಕೊಳ್ಳುತ್ತಿದ್ದರು. ಆದರೆ ಸ್ವಲ್ಪ ಯೋಚಿಸಿ ನೋಡಿದರೆ, ಭಯಂಕರವಾದ ಕನಸನ್ನು ಕಂಡವನೂ ಅದರಲ್ಲಿ ಸತ್ತವನೂ ಒಟ್ಟಿಗೆ ಕುಳಿತು ಮಾತಾಡಿ, ಮರವನ್ನು ಆರಿಸಿ, ಅದನ್ನು ಆಡಿ ಮುಗಿಸಿದ್ದಾರೆ. ಗುಂಡಿ ಒತ್ತಿದ ಮರುಕ್ಷಣ ಗೆಳೆಯ ಮರದಿಂದಿಳಿದು ಬಂದಿರಬೇಕು. ಕನಸಿನಲ್ಲಿ ಆಗದಿದ್ದ ಕೆಲಸ ಅದು.

ಈ ಮಕ್ಕಳಿಗೆ ಸಾವು ಕಲ್ಪನೆಯ ವಸ್ತುವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪಾಠಗಳು ನಡೆಯುತ್ತಿದ್ದ ಕಾಲದಲ್ಲಿಯೇ, 1976ರ ಮಾರ್ಚ್ 9ರಂದು, ಅದೇ ಕೌಂಟಿಯ ಅವನ್ ಫೋರ್ಕ್ ಎಂಬಲ್ಲಿಯ ಸ್ಕೋಶಿಯಾ ಗಣಿಯಲ್ಲಿ ಮೀಥೇನ್ ಅನಿಲ ಸ್ಫೋಟಗೊಂಡು 15 ಜನ ಕಾರ್ಮಿಕರು ಮಡಿದರು. ಎರಡು ದಿನಗಳ ಅನಂತರ, ಮಾರ್ಚ್ 11ರಂದು, ಎರಡನೆಯ ಸ್ಫೋಟ ಸಂಭವಿಸಿ ಮತ್ತೆ 11 ಜನ ಅಸುನೀಗಿದರು. ಅವರಲ್ಲಿ ಮೂವರು ಕೇಂದ್ರ ಸರಕಾರದ ಗಣಿ ತನಿಖಾಧಿಕಾರಿಗಳು. ಗಣಿಯ ಬಾಯಿಯನ್ನು ಮುಚ್ಚಿ ಮುದ್ರಿಸಬೇಕಾಯಿತು. ಎರಡನೆಯ ಸಲ ಮಡಿದವರ ದೇಹಗಳು ಹೊರಬಂದುದು ಅದೇ ವರ್ಷದ ನವೆಂಬರಿನಲ್ಲಿ. ಈ ದುರಂತದ ಪರಿಣಾಮವಾಗಿ 1977ರಲ್ಲಿ ಗಣಿ ಸುರಕ್ಷತೆಯ ಹೊಸ ಕಾನೂನು ಬಂದಿತು. ಸ್ಫೋಟದ ಮಾತು ಹಾಗಿರಲಿ, ಇದ್ದಲ ಧೂಳು ಶ್ವಾಸಕೋಶದಲ್ಲಿ ನಿಂತು ಗಣಿಗಾರರು ಉಸಿರಿಗಾಗಿ ಒದ್ದಾಡುವ ಕಾಯಿಲೆ ಆ ಕಣಿವೆಗಳಲ್ಲಿ ಸರ್ವೇಸಾಮಾನ್ಯ. ಇಂಥ ಊರಿನ ಮಗುವಿಗೆ ಸಾವಿನ ಸುದ್ದಿಯನ್ನು ಮರೆಮಾಡುವೆವೆಂದರೆ ನಂಬುವರಾರು? ಮಗುವಿಗಿಲ್ಲದೆ ಇದ್ದುದು ಆ ತಿಳಿವಳಿಕೆಯನ್ನು ಇರಿಸಲು ಒಂದು ಸ್ಥಳ.

ಶಿಕ್ಷಕಿಯ ಹೆಚ್ಚುಗಾರಿಕೆ ಇರುವುದು ಅವರು ಮಾಡಿದುದರಲ್ಲಿ ಅಲ್ಲ, ಮಾಡದೆ ಬಿಟ್ಟುದರಲ್ಲಿ ಎನ್ನಬೇಕು. ಇಂಥ ಚಿತ್ರ ಒಳ್ಳೆಯದು, ಇಂಥದು ಕೆಟ್ಟದ್ದು ಎಂದು ಅವರು ಮುಂಚಿತವಾಗಿ ಗೆರೆ ಕೊರೆಯಲಿಲ್ಲ. ಚಿತ್ರ ತೆಗೆಯುವ ಹೊತ್ತಿಗೆ ಮಗುವಿನ ಬೆನ್ನ ಹಿಂದೆ ನಿಲ್ಲಲೂ ಇಲ್ಲ. 1985ರಲ್ಲಿ ಈ ಚಿತ್ರಗಳೂ ಮಕ್ಕಳ ಮಾತುಗಳೂ ‘ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್’ ಎಂಬ ಗ್ರಂಥವಾಗಿ ಪ್ರಕಟವಾದಾಗ ಚಿತ್ರ ತೆಗೆದ ಮಗುವಿನ ಹೆಸರು ಅದರದರ ಚಿತ್ರದೊಡನೆ ಅಚ್ಚಾಯಿತು. ಆದರೂ ಲೋಕ ಆ ಗ್ರಂಥವನ್ನು ಗುರುತಿಸಿದುದು ಇವಾಲ್ಡ್ ಅವರ ಹೆಸರಿನಿಂದಲೇ. ಕೃತಿ ಯಾರದು, ಗುರುವಿನದೋ ಶಿಷ್ಯನದೋ ಎಂಬ ಸಂದೇಹ ಇಂಥ ಕಾರ್ಯಗಳಲ್ಲಿ ಪೂರ್ತಿಯಾಗಿ ಬಗೆಹರಿಯುವುದಿಲ್ಲ. ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳ ಹೆಸರಿನಲ್ಲಿ ತಾವೇ ಮಾದರಿಗಳನ್ನು ಮಾಡಿಕೊಡುವ ಶಿಕ್ಷಕರೂ ಪಾಲಕರೂ ಇರುವಲ್ಲಿ, ಇವಾಲ್ಡ್ ಅವರ ತಪ್ಪು ಅಷ್ಟು ದೊಡ್ಡದಲ್ಲವೆಂದು ಹೇಳಬಹುದು. ಅವರು ಇದೇ ಪಾಠವನ್ನು ಮುಂದೆ ಕೊಲಂಬಿಯಾ ದೇಶದಲ್ಲಿಯೂ, 1989ರ ಸುಮಾರಿಗೆ ಗುಜರಾತಿನ ವಿಛಿಯಾ ಎಂಬ ಹಳ್ಳಿಯಲ್ಲಿಯೂ ನಡೆಸಿದರು. ಗುಜರಾತಿನ ಅನುಭವ 1996ರಲ್ಲಿ ಪುಸ್ತಕವಾಯಿತು.

ಕೆಂಟಕಿಯ ಆ ಮಕ್ಕಳು ನಡುವಯಸ್ಸಿನವರಾದ ಮೇಲೆ ಅವರನ್ನು ಹುಡುಕಿಕೊಂಡು ಇವಾಲ್ಡ್ ಅವರು ಮರಳಿ ಲೆಚರ್ ಕೌಂಟಿಗೆ ಹೋದರು. ಆ ಭೇಟಿಗಳಿಂದ 2020ರಲ್ಲಿ ಗ್ರಂಥದ ಹೆಸರಿನದೇ ಒಂದು ಸಾಕ್ಷ್ಯಚಿತ್ರ ಹೊರಬಂದಿತು. ಅದರ ಸಹನಿರ್ದೇಶಕಿ ಎಲಿಜಬೆತ್ ಬ್ಯಾರೆಟ್ ಅವರು. ಓಕಾನರ್ ಅವರ ಕೊಲೆಯನ್ನು ಕುರಿತು 2000ದಲ್ಲಿ ಸಾಕ್ಷ್ಯಚಿತ್ರ ತೆಗೆದವರೂ ಇವರೇ ಎಂಬುದು ಗಮನಾರ್ಹ. ಹತ್ತು ಹನ್ನೆರಡರ ವಯಸ್ಸಿನಲ್ಲಿ ತಾವು ತೆಗೆದ ಚಿತ್ರಗಳನ್ನು ಐವತ್ತರ ಆಸುಪಾಸಿನಲ್ಲಿ ಕೈಗೆತ್ತಿಕೊಂಡು ನೋಡುವುದೆಂದರೆ ಸಾಮಾನ್ಯ ಅನುಭವವಲ್ಲ. ಅಂದು ಚೌಕಟ್ಟಿನೊಳಗೆ ನಿಂತಿದ್ದ ಅಜ್ಜ ಅಜ್ಜಿಯರ ಸಾಲಿಗೆ ಸೇರುವ ಸರದಿ ಈಗ ಅಂದು ಗುಂಡಿ ಒತ್ತಿದವರದು. ಚಿತ್ರದೊಳಗಿನ ಅಣ್ಣ ಮಾತ್ರ ಇನ್ನೂ ತರುಣನೇ.

ಚಿತ್ರಗಳಿಗಾದರೂ ಚಿರಾಯುವುಂಟೇ? ಲೆಚರ್ ಕೌಂಟಿಯ ಮುಖ್ಯ ಪಟ್ಟಣ ವೈಟ್ಸ್‌ಬರ್ಗಿನಲ್ಲಿ ಆಪಲ್‌ಶಾಪ್ ಎಂಬ ಸಂಸ್ಥೆಯಿದೆ. ಬೆಟ್ಟದ ತರುಣರಿಗೆ ಚಲನಚಿತ್ರದ ಕಸುಬನ್ನು ಕಲಿಸಲೆಂದು 1969ರಲ್ಲಿ ಹುಟ್ಟಿದ ಈ ಸಂಸ್ಥೆಯೊಡನೆ ಇವಾಲ್ಡ್ ಅವರೂ ಕೆಲಸ ಮಾಡಿದ್ದರು. ಬ್ಯಾರೆಟ್ ಅವರಂತೂ ಅದರಲ್ಲಿಯೇ ಬೆಳೆದವರು. ಅಪಲೇಚಿಯಾದ ಜನ ತಮ್ಮನ್ನು ತಾವೇ ಚಿತ್ರಿಸಿಕೊಂಡ ಫಿಲ್ಮುಗಳು, ಧ್ವನಿಸುರುಳಿಗಳು, ಛಾಯಾಚಿತ್ರಗಳು ಅಲ್ಲಿ ಅರ್ಧ ಶತಮಾನದಿಂದ ಕೂಡಿಬಂದಿದ್ದವು. 2022ರ ಜುಲೈ 28ರಂದು ಕೆಂಟಕಿ ನದಿಯ ಉತ್ತರದ ಕವಲು ಉಕ್ಕಿ ಹರಿದು ಪೂರ್ವ ಕೆಂಟಕಿಯಲ್ಲಿ ನಲವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮಹಾಪೂರ ಆ ಭಂಡಾರವನ್ನೂ ಹೊಕ್ಕಿತು. ಫಿಲ್ಮಿನ ಮೇಲಿನ ಜಿಲೆಟಿನ್ ಪದರ ನೀರು ಕುಡಿದು ಉಬ್ಬುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೇಸಗೆಯ ಸೆಕೆಯಲ್ಲಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಎಲ್ಲವನ್ನೂ ಒಮ್ಮೆಲೆ ಒಣಗಿಸಲಾಗದಾಗ ಹೆಪ್ಪುಗಟ್ಟುವ ಚಳಿಯಲ್ಲಿಟ್ಟು ಕೆಡುಕನ್ನು ತಡೆದು, ಬಿಡುವಾದಂತೆ ಒಂದೊಂದನ್ನೇ ಹೊರತೆಗೆದು ತೊಳೆಯುವುದೊಂದೇ ಉಳಿಯುವ ಉಪಾಯ. ನೆರೆ ಇಳಿದ ಮೇಲೆ ಸಂಸ್ಥೆಯ ಜನರೂ ನೆರವಿಗೆಂದು ಬಂದವರೂ ಕೆಸರಿನಲ್ಲಿ ಕುಳಿತು ಮಾಡಿದ ಕೆಲಸ ಅದೇ.